ಬೊಮ್ಮಸಂದ್ರದ ವಿಮಾನ ನಿಲ್ದಾಣ

"ಭಾನುವಾರಾನೂ ಐದೂವರೆಗೇ ಎದ್ದಿದೀಯಾ? ಆಫೀಸಿದೆಯೇನೋ?" ಅಂತ ಅಮ್ಮ ಫೋನಿನಲ್ಲಿ ಕೇಳಿದಾಗಲೆಲ್ಲ ನಾನು ಒಂದು ಕ್ಷಣ ತಡವರಿಸುತ್ತೇನೆ. "ಇಲ್ಲಮ್ಮ, ವಿಮಾನ ಹಾರಿಸೋಕೆ ಹೋಗ್ತಿದೀನಿ" ಅಂದರೆ ಆ ಕಡೆ ಸ್ವಲ್ಪ ಹೊತ್ತು ಮೌನ. ಆಮೇಲೆ, "ನಿನ್ನ ವಯಸ್ಸಿಗೆ ನಿಮ್ಮಪ್ಪ ಎರಡು ಮಕ್ಕಳ ತಂದೆ" ಅನ್ನುವ ಹಳೆಯ ರೆಕಾರ್ಡು ಶುರು. ತಿಪಟೂರಿನಲ್ಲಿ ಕೂತ ಅಮ್ಮನಿಗೆ ಇಪ್ಪತ್ತೆಂಟು ವರ್ಷದ ಮಗ ಥರ್ಮೋಕೋಲಿನ ವಿಮಾನ ಆಡಿಸುತ್ತಾನೆ ಅನ್ನೋದನ್ನು ನೆಂಟರ ಹತ್ತಿರ ಹೇಳಿಕೊಳ್ಳೋದು ಹೇಗೆ ಅನ್ನೋ ಚಿಂತೆ. ಪಾಪ, ತಪ್ಪೇನಿಲ್ಲ ಬಿಡಿ.

ಬೊಮ್ಮಸಂದ್ರದಲ್ಲಿ ವಿಮಾನ ನಿಲ್ದಾಣ ಎಲ್ಲಿಂದ ಬಂತು ಅಂತ ನೀವೂ ಕೇಳಬಹುದು. 2025ರ ಆಗಸ್ಟಿನಲ್ಲಿ ಹಳದಿ ಮಾರ್ಗದ ಮೆಟ್ರೋ ಶುರುವಾದ ಮೇಲೆ ನಮ್ಮ ಬೊಮ್ಮಸಂದ್ರ ಬೆಂಗಳೂರಿನವರಿಗೆ "ಕೊನೇ ಸ್ಟಾಪು" ಅಂತಲಾದರೂ ಗೊತ್ತಾಗಿದೆ. ಅದಕ್ಕೂ ಮುಂಚೆ ಇದು ಹೊಸೂರು ರಸ್ತೆಯಲ್ಲಿ ಎಲೆಕ್ಟ್ರಾನಿಕ್ ಸಿಟಿ ದಾಟಿದ ಮೇಲೆ ಬರುವ, ಲಾರಿ, ಕಾರ್ಖಾನೆ, ದೊಡ್ಡ ಆಸ್ಪತ್ರೆಗಳ ಊರು ಅಷ್ಟೇ. ನಾನು ಇಲ್ಲಿ ಬಾಡಿಗೆ ಮನೆ ಹಿಡಿದದ್ದು ಆಫೀಸಿಗೆ ಹತ್ತಿರ, ಬಾಡಿಗೆ ಕಡಿಮೆ ಅನ್ನುವ ಎರಡೇ ಕಾರಣಕ್ಕೆ. 2022ರ ನವೆಂಬರಿನ ಒಂದು ಭಾನುವಾರ ಬೆಳಗ್ಗೆ ಜಿಗಣಿ ಕಡೆ ಬೈಕಿನಲ್ಲಿ ಹೋಗುತ್ತಿದ್ದಾಗ ತಲೆಯ ಮೇಲೆ ಜೇನುಹುಳುವಿನ ಥರ ಏನೋ ಗುಂಯ್ ಅಂತು. ಬೈಕ್ ನಿಲ್ಲಿಸಿ ನೋಡಿದರೆ ಹಳದಿ ರೆಕ್ಕೆಯ ವಿಮಾನವೊಂದು ಆರಾಮಾಗಿ ಸುತ್ತು ಹಾಕುತ್ತಿದೆ! ಸ್ವಲ್ಪ ಮೇಲೆ ಎರಡು ಹದ್ದುಗಳು "ಇದ್ಯಾವ ಜಾತಿಯಪ್ಪ" ಅನ್ನುವ ಹಾಗೆ ಜೊತೆಗೇ ಸುತ್ತುತ್ತಿವೆ.

ಲೇಔಟ್ ಮಾಡೋಕೆ ಅಂತ ಸಮ ಮಾಡಿ ಹಾಗೇ ಬಿಟ್ಟ ಜಾಗ ಅದು. ಮಾಲೀಕರ ಒಪ್ಪಿಗೆ ಪಡೆದು ಐದಾರು ಜನ ಅಲ್ಲಿ ಸೇರುತ್ತಿದ್ದರು. ಕ್ಲಬ್ಬು ಅಂದರೆ ಬೋರ್ಡು, ಕಚೇರಿ ಅಂದುಕೊಳ್ಳಬೇಡಿ. ಒಂದು ವಾಟ್ಸಾಪ್ ಗುಂಪು, ಒಂದು ಪ್ಲಾಸ್ಟಿಕ್ ಟೇಬಲ್ಲು, ಒಂದು ಪ್ರಥಮ ಚಿಕಿತ್ಸೆ ಡಬ್ಬಿ, ಬ್ಯಾಟರಿಗೆ ಬೆಂಕಿ ಹತ್ತಿದರೆ ಸುರಿಯೋಕೆ ಒಂದು ಬಕೆಟ್ ಮರಳು. ಇಷ್ಟೇ ಆಸ್ತಿ. ಇವರಿಗೆಲ್ಲ ಹಿರಿಯರು ಒಬ್ಬರಿದ್ದರು. ವಿಮಾನ ಕಾರ್ಖಾನೆಯೊಂದರಲ್ಲಿ ಟೆಕ್ನೀಶಿಯನ್ ಆಗಿ ರಿಟೈರ್ ಆದವರು. ಎಲ್ಲರೂ ಅವರನ್ನು ಯಜಮಾನ್ರು ಅಂತಲೇ ಕರೆಯುವುದು, ನಾನೂ ಇಲ್ಲಿ ಹಾಗೇ ಕರೆಯುತ್ತೇನೆ.

ಅವತ್ತು ನಾನು ದೂರ ನಿಂತು ನೋಡುತ್ತಿದ್ದಾಗ ಅವರು ಕೇಳಿದ ಮೊದಲ ಪ್ರಶ್ನೆ, "ಏನ್ ಓದಿದೀರಾ?" "ಇಂಜಿನಿಯರಿಂಗ್ ಸಾರ್, ಇ ಅಂಡ್ ಸಿ" ಅಂದೆ. "ಹಾಗಾದ್ರೆ ಕಲಿಯೋಕೆ ಸ್ವಲ್ಪ ಟೈಮ್ ಹಿಡಿಯುತ್ತೆ ಬಿಡಿ" ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಒಳಗೊಳಗೇ ಸ್ವಲ್ಪ ಉರಿಯಿತು :)

ಅವರು ಹೇಳಿದ್ದು ನಿಜ. ಮೊಬೈಲಿನಲ್ಲಿ ವಿಡಿಯೋ ನೋಡಿ, ಎಸ್.ಪಿ. ರೋಡಿಗೆ ಹೋಗಿ ಮೋಟಾರು, ಸರ್ವೋ, ಲೀಪೋ ಬ್ಯಾಟರಿ ತಂದು, ಫೋಮ್ ಶೀಟು ಕತ್ತರಿಸಿ ಬಿಸಿ ಅಂಟಿನ ಗನ್ನಿನಲ್ಲಿ ಅಂಟಿಸಿದರೆ ವಿಮಾನವೇನೋ ಆಗುತ್ತೆ. ಎರಡು ವಾರಾಂತ್ಯದ ಕೆಲಸ. ಆರು ಚಾನೆಲ್ಲಿನ ಟ್ರಾನ್ಸ್‌ಮಿಟರ್ರೂ ಸೇರಿ ನನಗೆ ಹತ್ತು ಸಾವಿರ ಚಿಲ್ಲರೆ ಖರ್ಚಾಯಿತು. ಆದರೆ ಹಾರಿಸೋದಿದೆಯಲ್ಲ, ಅದು ವಿಡಿಯೋದಲ್ಲಿ ಬರುವ ವಿದ್ಯೆ ಅಲ್ಲ.

ಯಾಕೆ ಅಂತ ಹೇಳುತ್ತೇನೆ. ವಿಮಾನ ನಿಮ್ಮಿಂದ ದೂರ ಹೋಗುತ್ತಿರುವಾಗ ಸ್ಟಿಕ್ಕನ್ನು ಬಲಕ್ಕೆ ತಳ್ಳಿದರೆ ಅದೂ ನಿಮ್ಮ ಬಲಕ್ಕೇ ತಿರುಗುತ್ತೆ. ಅದೇ ವಿಮಾನ ನಿಮ್ಮ ಕಡೆ ಬರುತ್ತಿದ್ದರೆ ಅದರ ಬಲ ನಿಮ್ಮ ಎಡ. ಕೇಳೋಕೆ ಸುಲಭ, ಎಲ್ಲರೂ ತಲೆ ಆಡಿಸುತ್ತಾರೆ. ಆದರೆ ಗಂಟೆಗೆ ಐವತ್ತು ಅರವತ್ತು ಕಿಲೋಮೀಟರ್ ವೇಗದಲ್ಲಿ ಬರುವ ವಸ್ತುವಿನ ಎದುರು ಕೈಗೆ ಇದು ನೆನಪಿರೋದಿಲ್ಲ. ಯಜಮಾನ್ರು ಕಲಿಸಿದ ಉಪಾಯ ಚಿಕ್ಕದು: "ಎದುರಿಗೆ ಬರ್ತಿದ್ದಾಗ ಯಾವ ರೆಕ್ಕೆ ಕೆಳಗೆ ಬಿದ್ದಿದೆಯೋ ಆ ಕಡೆಗೆ ಸ್ಟಿಕ್ ತಳ್ಳು. ಬೀಳೋ ಗೋಡೆಗೆ ಊರುಗೋಲು ಕೊಟ್ಟ ಹಾಗೆ." ಎಡ ಬಲ ಯೋಚಿಸುವ ಗೋಜೇ ಇಲ್ಲ.

ಇನ್ನೊಂದು ಪಾಠ ತೂಕದ್ದು. ರೆಕ್ಕೆಯ ಮುಂದಿನ ಅಂಚಿನಿಂದ ಅದರ ಅಗಲದ ಕಾಲು ಭಾಗದಿಂದ ಮೂರನೇ ಒಂದು ಭಾಗದೊಳಗೆ ಎಲ್ಲೋ ಒಂದು ಕಡೆ, ಬೆರಳ ತುದಿಯಲ್ಲಿ ಎತ್ತಿದರೆ ವಿಮಾನ ತಕ್ಕಡಿಯ ಹಾಗೆ ಸಮ ನಿಲ್ಲಬೇಕು. ಮೂಗು ಭಾರವಾದರೆ ಒರಟಾಗಿ ಹಾರುತ್ತೆ, ಬಾಲ ಭಾರವಾದರೆ ಒಂದೇ ಸಲ ಹಾರುತ್ತೆ ಅಂತ ಈ ಹುಚ್ಚಿನವರೆಲ್ಲ ಹೇಳುತ್ತಾರೆ. ನನ್ನ ಮೊದಲ ವಿಮಾನ ಹಾಗೇ ಒಂದೇ ಸಲ ಹಾರಿತು. ಹದಿನಾಲ್ಕು ಸೆಕೆಂಡು. ನೋಡಿ, ಇಂಥದ್ದಕ್ಕೆಲ್ಲ ಲೆಕ್ಕ ಇಟ್ಟಿರುತ್ತೇವೆ.

ಆಮೇಲೆ "ಬಡ್ಡಿ ಬಾಕ್ಸ್" ಕಲಿಕೆ. ಎರಡು ಟ್ರಾನ್ಸ್‌ಮಿಟರುಗಳನ್ನು ಜೋಡಿಸಿ, ಗುರುವಿನ ಕೈಯಲ್ಲೊಂದು, ಶಿಷ್ಯನ ಕೈಯಲ್ಲೊಂದು. ಗುರು ಒಂದು ಸ್ವಿಚ್ ಒತ್ತಿ ಹಿಡಿದಿರುವ ತನಕ ವಿಮಾನ ಶಿಷ್ಯನದು, ಬಿಟ್ಟ ತಕ್ಷಣ ಗುರುವಿನದು. ಕಾರ್ ಡ್ರೈವಿಂಗ್ ಸ್ಕೂಲಿನಲ್ಲಿ ಪಕ್ಕದವರ ಕಾಲಡಿ ಒಂದು ಬ್ರೇಕ್ ಇರುತ್ತಲ್ಲ, ಹಾಗೆ. ಮೊದಲ ಭಾನುವಾರ ಯಜಮಾನ್ರು ಹನ್ನೊಂದು ಸಲ ಸ್ವಿಚ್ ಬಿಟ್ಟರು. ಆರನೇ ವಾರಕ್ಕೆ ಒಂದೇ ಸಲ. ಎಂಟನೇ ವಾರ ನಾನೊಬ್ಬನೇ ಇಳಿಸಿದೆ. ಅವತ್ತು ರಸ್ತೆ ಬದಿಯ ಹೋಟೆಲಿನಲ್ಲಿ ಎಲ್ಲರಿಗೂ ತಟ್ಟೆ ಇಡ್ಲಿ ನನ್ನ ಲೆಕ್ಕದಲ್ಲಿ.

ಯಜಮಾನ್ರ ಟೋಪಿಯ ಬಗ್ಗೆ ಇಲ್ಲೇ ಹೇಳಿಬಿಡಬೇಕು. ಅದರ ಅಂಚಿಗೆ ಯಾವಾಗಲೂ ಬಟ್ಟೆ ಒಣಹಾಕುವ ಕ್ಲಿಪ್ಪೊಂದು ಸಿಕ್ಕಿಸಿರುತ್ತೆ. ಹಿಂದೆ 72 ಮೆಗಾಹರ್ಟ್ಸ್ ರೇಡಿಯೋಗಳ ಕಾಲದಲ್ಲಿ ಇಬ್ಬರು ಒಂದೇ ಚಾನೆಲ್ಲಿನಲ್ಲಿ ಸ್ವಿಚ್ ಆನ್ ಮಾಡಿದರೆ ಹಾರುತ್ತಿದ್ದ ವಿಮಾನ ನೆಲಕ್ಕೆ ಬೀಳುತ್ತಿತ್ತು. ಅದಕ್ಕೇ ಒಂದು ಹಲಗೆಯ ಮೇಲೆ ಪ್ರತಿ ಚಾನೆಲ್ಲಿಗೂ ಒಂದೊಂದು ಕ್ಲಿಪ್ಪು. ಕ್ಲಿಪ್ಪು ತೆಗೆದುಕೊಂಡವನೇ ಹಾರಿಸಬೇಕು, ಉಳಿದವರು ಕಾಯಬೇಕು. 2005ರ ನಂತರ ಬಂದ 2.4 ಗಿಗಾಹರ್ಟ್ಸ್ ರೇಡಿಯೋಗಳು ತಮ್ಮ ತಮ್ಮ ರಿಸೀವರನ್ನು ತಾವೇ ಗುರುತು ಹಿಡಿಯುತ್ತವೆ, ಕ್ಲಿಪ್ಪಿನ ಅಗತ್ಯವಿಲ್ಲ. ಆದರೂ ನಮ್ಮಲ್ಲಿ ಆ ಪದ್ಧತಿ ಬಿಟ್ಟಿಲ್ಲ. ಹಾರಿಸುವವನ ಮೈಮೇಲೆ ಕ್ಲಿಪ್ಪು ಇರಬೇಕು. "ಕ್ಲಿಪ್ಪು ಯಾರ ಹತ್ರ ಇದೆಯೋ ಆಗಿದ್ದಕ್ಕೆಲ್ಲ ಅವರೇ ಜವಾಬ್ದಾರಿ" ಅನ್ನೋದು ಯಜಮಾನ್ರ ಕಾನೂನು.

ಈಗ ಹೇಳೋಕೆ ಇಷ್ಟವಿಲ್ಲದ ವಿಷಯಕ್ಕೆ ಬರುತ್ತೇನೆ.

2023ರ ಫೆಬ್ರವರಿ. ಅಷ್ಟೊತ್ತಿಗೆ ನನಗೆ ಸ್ವಲ್ಪ ಕೊಬ್ಬು ಬಂದಿತ್ತು. ನಾನೇ ಮಾಡಿದ ಹೊಸ ವಿಮಾನ, ರೆಕ್ಕೆ ಒಂದು ಮೀಟರಿಗಿಂತ ಸ್ವಲ್ಪ ಹೆಚ್ಚು, ಬ್ಯಾಟರಿ ಸೇರಿ ಒಂಬೈನೂರು ಗ್ರಾಂ. ಬೆಳಗ್ಗೆ ಬಿಸಿಲು ಕಣ್ಣಿಗೆ ಬೀಳದಿರಲಿ ಅಂತ ನಾವು ಪಶ್ಚಿಮಕ್ಕೆ ಮುಖ ಮಾಡಿ ಸಾಲಾಗಿ ನಿಲ್ಲುತ್ತೇವೆ. ವಿಮಾನ ಯಾವತ್ತೂ ಆ ಸಾಲಿನ ಮುಂದೆಯೇ ಇರಬೇಕು, ನಮ್ಮ ಹಿಂದಕ್ಕೆ ಹೋಗಕೂಡದು. ಅವತ್ತು ಆಫೀಸಿನ ಗೆಳೆಯನೊಬ್ಬ ಬಂದಿದ್ದ, ವಿಡಿಯೋ ಮಾಡುತ್ತಿದ್ದ. ತಲೆಯ ಮೇಲಿಂದ ಹಾದುಹೋದರೆ ಚೆನ್ನಾಗಿ ಬರುತ್ತೆ ಅಂತ ನಾನು ಸಾಲು ದಾಟಿಸಿದೆ.

ತಿರುಗಿ ನೋಡಿದರೆ ಎದುರಿಗೆ ಸೂರ್ಯ! ವಿಮಾನ ಒಂದು ಕಪ್ಪು ಚುಕ್ಕೆ. ಹೋಗುತ್ತಿದೆಯೋ ಬರುತ್ತಿದೆಯೋ ತಿಳಿಯಲಿಲ್ಲ. ಬಲಕ್ಕೆ ತಳ್ಳಿದೆ, ಇನ್ನಷ್ಟು ವಾಲಿತು. ಮೇಲೆತ್ತೋಣ ಅಂತ ಎಲಿವೇಟರ್ ಎಳೆದೆ. ವಾಲಿದ ವಿಮಾನಕ್ಕೆ ಎಲಿವೇಟರ್ ಎಳೆದರೆ ಅದು ಮೇಲೇಳುವುದಿಲ್ಲ, ಸುತ್ತು ಇನ್ನೂ ಬಿಗಿಯಾಗಿ ಕೆಳಕ್ಕೆ ಇಳಿಯುತ್ತೆ. ಆಗ ಮಾಡಬೇಕಾದದ್ದು ಎರಡೇ ಕೆಲಸ. ಥ್ರಾಟಲ್ ಪೂರ್ತಿ ತೆಗೆಯೋದು, ಮತ್ತು "ಕೈ ತಪ್ಪಿತು" ಅಂತ ಗಟ್ಟಿಯಾಗಿ ಕೂಗೋದು. ನಾನು ಎರಡೂ ಮಾಡಲಿಲ್ಲ. ಹೇಗಾದರೂ ಸರಿಮಾಡಿಬಿಡೋಣ, ಯಾರಿಗೂ ಗೊತ್ತಾಗದಿರಲಿ ಅನ್ನುವ ಒಂದೇ ಯೋಚನೆ. ನಾಲ್ಕೈದು ಸೆಕೆಂಡು ಇರಬಹುದು. ಯಜಮಾನ್ರು "ಥ್ರಾಟಲ್ ತೆಗಿಯೋ!" ಅಂತ ಕಿರುಚಿದಾಗ ಅದು ಆಗಲೇ ನೀಲಗಿರಿ ಮರಗಳ ಹಿಂದೆ ಮರೆಯಾಗಿತ್ತು.

ಮರಗಳ ಆಚೆ ಒಬ್ಬರು ತಾತ ಎರಡು ಸೀಮೆಹಸು ಮೇಯಿಸುತ್ತಿದ್ದರು. ವಿಮಾನ ಬಿದ್ದದ್ದು ಅವರಿಗೂ ಒಂದು ಹಸುವಿಗೂ ಮಧ್ಯೆ. ಅವರಿಂದ ಹತ್ತಡಿಯೂ ಇರಲಿಲ್ಲ. ನಾನು ಆಮೇಲೆ ರಾತ್ರಿ ಲೆಕ್ಕ ಹಾಕಿದೆ. ಒಂಬೈನೂರು ಗ್ರಾಂ, ಗಂಟೆಗೆ ಅರವತ್ತು ಕಿಲೋಮೀಟರ್ ಅಂದರೆ ಸುಮಾರು 125 ಜೂಲ್. ಐದು ಕಿಲೋ ಕಲ್ಲನ್ನು ಎಂಟಡಿ ಎತ್ತರದಿಂದ ತಲೆ ಮೇಲೆ ಬಿಟ್ಟಷ್ಟು. ಜೊತೆಗೆ ತಿರುಗುತ್ತಿರುವ ಪ್ರೊಪೆಲ್ಲರ್. ಅವತ್ತಿನಿಂದ ಇದನ್ನು "ಆಟಿಕೆ" ಅನ್ನುವುದನ್ನು ಬಿಟ್ಟಿದ್ದೇನೆ.

ಹಸು ಬೆದರಿ ಹಗ್ಗ ಕಿತ್ತುಕೊಂಡು ಹೊಸೂರು ರಸ್ತೆಯ ಕಡೆ ಓಡಿತು. ಆ ರಸ್ತೆಯ ಲಾರಿಗಳನ್ನು ನೋಡಿದವರಿಗೆ ನನ್ನ ಸ್ಥಿತಿ ಅರ್ಥವಾದೀತು. ನಾವೆಲ್ಲ ಓಡಿದೆವು. ನಮಗೆ ಸಿಗಲಿಲ್ಲ. ನೈಟ್ ಶಿಫ್ಟ್ ಮುಗಿಸಿ ಕಾರ್ಖಾನೆಯ ಯೂನಿಫಾರಂನಲ್ಲೇ ನಡೆದು ಬರುತ್ತಿದ್ದ ಹುಡುಗನೊಬ್ಬ ಹಗ್ಗ ಹಿಡಿದು, ಹಸುವಿನ ಕುತ್ತಿಗೆ ಸವರಿ ನಿಲ್ಲಿಸಿದ. ಊರಲ್ಲಿ ದನ ಕಟ್ಟಿ ಬೆಳೆದವನು ಅಂತ ನೋಡಿದರೇ ತಿಳಿಯುತ್ತಿತ್ತು.

ತಾತ ಬೈಯುತ್ತಾರೆ ಅಂತ ಕಾದೆ. ಬೈಯಲಿಲ್ಲ. ಹಸುವಿನ ಮೈಯೆಲ್ಲ ತಡವಿ ನೋಡಿ, ಮುರಿದ ರೆಕ್ಕೆಯನ್ನು ಕೋಲಿನಿಂದ ಮೆಲ್ಲಗೆ ತಿವಿದು ನೋಡಿ, ನನ್ನ ಮುಖ ನೋಡಿದರು. "ಎತ್ತು ಕೈ ತಪ್ಪಿದ್ರೆ ನಾವು ಕೂಗ್ತೀವಿ ಸಾಮಿ, ಎದುರಿಗಿರೋರು ಸರ್ಕೊಳ್ಳಲಿ ಅಂತ. ನೀವ್ಯಾಕೆ ಕೂಗ್ಲಿಲ್ಲ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ನಾಚಿಕೆಯಿಂದ ಅಂತ ಹೇಳೋದು ಹೇಗೆ?

ಯಜಮಾನ್ರು ನನಗೆ ಒಂದು ತಿಂಗಳು ಕ್ಲಿಪ್ಪು ಕೊಡಲಿಲ್ಲ. ಬಿದ್ದಿದ್ದಕ್ಕಲ್ಲ, ಕೂಗದೇ ಇದ್ದದ್ದಕ್ಕೆ. ಆ ತಿಂಗಳು ಪ್ರತಿ ಭಾನುವಾರ ಬರಬೇಕು, ಹಾರಿಸೋ ಹಾಗಿಲ್ಲ, ಬೇರೆಯವರ ಪಕ್ಕ ನಿಂತು ಕಾವಲು ಕಾಯಬೇಕು. ಯಾರು ಬಂದರು, ಮೇಲೆ ಏನಿದೆ, ಗಾಳಿ ಯಾವ ಕಡೆ, ಎಲ್ಲ ಹೇಳುತ್ತಿರಬೇಕು. ಆ ನಾಲ್ಕು ವಾರದಲ್ಲಿ ಕಲಿತಷ್ಟು ಹಿಂದಿನ ಮೂರು ತಿಂಗಳಲ್ಲಿ ಕಲಿತಿರಲಿಲ್ಲ.

ಅದೇ ದಿನಗಳಲ್ಲಿ ಅವರು ಹೇಳಿದ ಒಂದು ಕಥೆ ನೆನಪಿದೆ. ನಮ್ಮಿಂದ ದೂರವೇನಲ್ಲ, ಹೊಸೂರಿನ ಹತ್ತಿರದ ಏರ್‌ಸ್ಟ್ರಿಪ್ಪು. 2009ರ ನವೆಂಬರ್ 16ರಂದು ಡಿಆರ್‌ಡಿಒದವರು ರುಸ್ತುಂ-1 ಅನ್ನುವ ಪೈಲಟ್ ಇಲ್ಲದ ವಿಮಾನವನ್ನು ಮೊದಲ ಸಲ ಹಾರಿಸಿದರು. ವಿನ್ಯಾಸ ನಮ್ಮ ಬೆಂಗಳೂರಿನ ಎಡಿಇ ಪ್ರಯೋಗಾಲಯದ್ದು, ಹೆಸರು ವಿಜ್ಞಾನಿ ರುಸ್ತುಂ ದಮಾನಿಯಾ ಅವರ ನೆನಪಿಗೆ. ಚೆನ್ನಾಗಿಯೇ ಮೇಲೆದ್ದ ವಿಮಾನದ ಎತ್ತರವನ್ನು ನೆಲದಿಂದ ತಪ್ಪಾಗಿ ಅಂದಾಜು ಮಾಡಿ ಎಂಜಿನ್ ಆಫ್ ಮಾಡುವ ಆದೇಶ ಕೊಟ್ಟರು, ಅದು ಬಿತ್ತು. ಮುಚ್ಚಿಡಲಿಲ್ಲ, ಕಾರಣ ಇದು ಅಂತ ಹೊರಗೆ ಹೇಳಿದರು. 2010ರ ಅಕ್ಟೋಬರ್ 16ಕ್ಕೆ ಮತ್ತೆ ಹಾರಿಸಿದರು, ಸರಿಯಾಗಿ ಹಾರಿತು. "ನೆಲದಲ್ಲಿ ನಿಂತು ಮೇಲಿರೋದರ ಎತ್ತರ ಹೇಳೋದು ದೊಡ್ಡ ದೊಡ್ಡೋರಿಗೂ ಕಷ್ಟ. ಅದರಲ್ಲಿ ನಾಚಿಕೆ ಏನಿಲ್ಲ. ಹೇಳದೇ ಇರೋದರಲ್ಲಿದೆ" ಅಂದರು. ಬೈದದ್ದೂ ಅಷ್ಟೇ, ಸಮಾಧಾನ ಮಾಡಿದ್ದೂ ಅಷ್ಟೇ.

ಹಸು ಹಿಡಿದ ಹುಡುಗನ ಕಥೆ ಇನ್ನೂ ಇದೆ. ಕೊಪ್ಪಳದ ಕಡೆಯವನು. ಇಲ್ಲಿನ ಒಂದು ಕಾರ್ಖಾನೆಯಲ್ಲಿ ಸಿಎನ್‌ಸಿ ಮಷೀನ್ ಆಪರೇಟರ್. ಅವತ್ತೇ ನನ್ನ ವಿಮಾನದ ಅವಶೇಷ ಕೈಗೆತ್ತಿಕೊಂಡು, "ಈ ಮೋಟಾರ್ ಮೌಂಟ್ ಯಾರ್ ಮಾಡ್ಯಾರ್ರೀ? ಓರೆ ಐತಲ್ಲ" ಅಂದ. ನಾನು ಇಂಜಿನಿಯರಲ್ವಾ, ಜಂಬದಿಂದ ವಿವರಿಸಿದೆ. ಪ್ರೊಪೆಲ್ಲರ್ ತಿರುಗೋದರಿಂದ ವಿಮಾನ ಎಡಕ್ಕೆ ಎಳೆಯುತ್ತೆ, ಅದಕ್ಕೇ ಮೋಟಾರನ್ನು ಬೇಕಂತಲೇ ಎರಡು ಡಿಗ್ರಿ ಬಲಕ್ಕೂ ಸ್ವಲ್ಪ ಕೆಳಕ್ಕೂ ಓರೆ ಕೂರಿಸುತ್ತೇವೆ ಅಂತ. ಅವನು ಪೂರ್ತಿ ಕೇಳಿಸಿಕೊಂಡು, "ಓರೆ ಇರ್ಲಿ ಬಿಡ್ರಿ ಅಣ್ಣಾರ, ನಾಕು ಸ್ಕ್ರೂನೂ ಒಂದs ಕಡೆ ಓರೆ ಇರ್ಬೇಕಲ್ರಿ" ಅಂದ. ನೋಡಿದರೆ ಹೌದು! ಮುಂದಿನ ವಾರ ಅಲ್ಯೂಮಿನಿಯಂ ತುಂಡಿನಲ್ಲಿ ಒಂದು ಮೌಂಟ್ ಮಾಡಿಕೊಂಡು ಬಂದ. ಎರಡು ಡಿಗ್ರಿ ಅಂದರೆ ಎರಡೇ ಡಿಗ್ರಿ. ಈಗ ನಮ್ಮ ಗುಂಪಿನ ಅರ್ಧ ವಿಮಾನಗಳ ಮೂಗು ಅವನ ಕೈಕೆಲಸ. ಲ್ಯಾಪ್‌ಟಾಪ್ ಬ್ಯಾಗಿನವರೂ ಟಿಫಿನ್ ಕ್ಯಾರಿಯರಿನವರೂ ವಾರವಿಡೀ ಒಂದೇ ರಸ್ತೆಯಲ್ಲಿ ಓಡಾಡಿದರೂ ಒಬ್ಬರಿಗೊಬ್ಬರು ಸಿಗದ ಊರು ಇದು. ಆ ಮೈದಾನ ಇಲ್ಲದಿದ್ದರೆ ಅವನ ಪರಿಚಯ ನನಗೆ ಆಗುತ್ತಿರಲಿಲ್ಲ.

ಐದಾರು ಜನ ಇದ್ದವರು ಎರಡು ವರ್ಷದಲ್ಲಿ ಇಪ್ಪತ್ತು ದಾಟಿದೆವು. ಜನ ಹೆಚ್ಚಾದಂತೆ ಕಾನೂನೂ ಬೇಕಾಯಿತು. 2021ರ ಆಗಸ್ಟಿನಲ್ಲಿ ಬಂದ ಕೇಂದ್ರ ಸರ್ಕಾರದ ಡ್ರೋನ್ ನಿಯಮಗಳನ್ನು ಕೂತು ಓದಿದೆವು. ಅದರಲ್ಲಿ ನಮ್ಮಂಥವರ ವಿಮಾನಕ್ಕೂ ಒಂದು ಹೆಸರಿದೆ. ಇಪ್ಪತ್ತೈದು ಕಿಲೋ ಮೀರದ, ಕಲಿಕೆಗೋ ಸಂಶೋಧನೆಗೋ ಖುಷಿಗೋ ಕಣ್ಣಿಗೆ ಕಾಣುವಷ್ಟು ದೂರದಲ್ಲೇ ಹಾರಿಸುವಂಥದ್ದು "ಮಾಡೆಲ್" ವಿಮಾನ. ಡಿಜಿಟಲ್ ಸ್ಕೈ ನಕ್ಷೆಯಲ್ಲಿ ಹಸಿರು ಬಣ್ಣದ ಜಾಗದಲ್ಲಿ 400 ಅಡಿಯವರೆಗೆ ಅವಕಾಶ, ವಿಮಾನ ನಿಲ್ದಾಣದ ಸುತ್ತ 12 ಕಿಲೋಮೀಟರ್ ಹಳದಿ, ಅಲ್ಲಿ ಅನುಮತಿಯ ಪ್ರಶ್ನೆ ಬರುತ್ತೆ. ಎಚ್‌ಎಎಲ್ ವಿಮಾನ ನಿಲ್ದಾಣ ಇರುವ ಊರಿನಲ್ಲಿ ಇದ್ದುಕೊಂಡು ನಕ್ಷೆ ನೋಡದೆ ಹಾರಿಸೋದು ಮೂರ್ಖತನ. ಜೊತೆಗೆ ನಮ್ಮದೇ ಐದು ನಿಯಮಗಳನ್ನು ರಟ್ಟಿನ ಮೇಲೆ ಬರೆದು ಟೇಬಲ್ಲಿಗೆ ಕಟ್ಟಿದೆವು. ಐದನೆಯದು ನನ್ನ ಅಕ್ಷರದಲ್ಲೇ ಇದೆ: "ಕೈ ತಪ್ಪಿದರೆ ತಕ್ಷಣ ಕೂಗಬೇಕು. ಕೂಗಿದವರನ್ನು ಯಾರೂ ನಗಬಾರದು."

ಇದು ಆಫೀಸಿನಲ್ಲೂ ಒಮ್ಮೆ ಕೆಲಸಕ್ಕೆ ಬಂತು. ಒಂದು ರಾತ್ರಿ ಎರಡು ಗಂಟೆಗೆ ನಾನು ಹಾಕಿದ ಬದಲಾವಣೆಯಿಂದ ಗ್ರಾಹಕರ ಆರ್ಡರುಗಳೆಲ್ಲ ಎರಡೆರಡು ಸಲ ದಾಖಲಾಗತೊಡಗಿದವು. ಹಳೆಯ ನಾನಾಗಿದ್ದರೆ ಬಾಗಿಲು ಹಾಕಿಕೊಂಡು ಬೆಳಗಾಗೋದರೊಳಗೆ ಸರಿಮಾಡುವ ಸಾಹಸಕ್ಕೆ ಇಳಿಯುತ್ತಿದ್ದೆ. ಆ ತಾತನ ಮುಖ ನೆನಪಾಯಿತು. "ನನ್ನಿಂದ ತಪ್ಪಾಗಿದೆ, ಯಾರು ಎಚ್ಚರ ಇದ್ದೀರಿ" ಅಂತ ಗುಂಪಿನಲ್ಲಿ ಹಾಕಿದೆ. ಇಬ್ಬರು ಎದ್ದು ಬಂದರು, ಹತ್ತು ನಿಮಿಷದಲ್ಲಿ ಹಳೆಯದಕ್ಕೆ ವಾಪಸ್ ಹಾಕಿದೆವು. ವರ್ಷದ ಕೊನೆಗೆ ಅಪ್ರೈಸಲ್ಲಿನಲ್ಲಿ ಅದನ್ನು ಎತ್ತಿ ಆಡಿದ್ದೂ ಆಯಿತು, ಅದು ಬೇರೆ ಮಾತು :)

2024ರ ಕೊನೆಗೆ ನಮ್ಮ ಮೈದಾನಕ್ಕೆ ಕಾಂಪೌಂಡ್ ಎದ್ದಿತು. ಗೊತ್ತಿದ್ದದ್ದೇ, ಲೇಔಟಿನ ಜಾಗ. ಈಗ ಆನೇಕಲ್ ಕಡೆ ಇನ್ನೂ ಹನ್ನೆರಡು ಕಿಲೋಮೀಟರ್ ಹೋಗಬೇಕು. ದೂರ ಅಂತ ಕೆಲವರು ಬಿಟ್ಟರು. ಕೊಪ್ಪಳದ ಹುಡುಗನನ್ನು ನನ್ನ ಬೈಕಿನ ಹಿಂದೆ ಕೂರಿಸಿಕೊಂಡು ಹೋಗುತ್ತೇನೆ. ಅವನು ರೆಕ್ಕೆಗಳನ್ನು ಮಗುವಿನ ಥರ ಎದೆಗೆ ಅವಚಿಕೊಂಡಿರುತ್ತಾನೆ. ಸಿಗ್ನಲ್ಲಿನಲ್ಲಿ ಎಲ್ಲರೂ ನಮ್ಮನ್ನೇ ನೋಡುತ್ತಾರೆ. ಆಷಾಢದ ಗಾಳಿಯಲ್ಲಿ ನಮ್ಮ ವಿಮಾನಗಳಿಗೆ ರಜೆ. ಊರ ಮಕ್ಕಳು ಅಲ್ಲೇ ಗಾಳಿಪಟ ಹಾರಿಸುತ್ತಾರೆ, ನಾವು ನೋಡಿಕೊಂಡು ಚುರುಮುರಿ ತಿಂದು ಬರುತ್ತೇವೆ.

ಕಳೆದ ನವೆಂಬರಿನ ಒಂದು ಭಾನುವಾರದ ವಿಷಯ ಹೇಳಿ ಮುಗಿಸುತ್ತೇನೆ.

ಯಜಮಾನ್ರ ಹತ್ತಿರ ಒಂದು ಬಾಲ್ಸಾ ಮರದ ವಿಮಾನ ಇದೆ. ಇಪ್ಪತ್ತೈದು ವರ್ಷದ ಹಿಂದೆ ಅವರೇ ಕಟ್ಟಿದ್ದು. ಬ್ಯಾಟರಿಯದಲ್ಲ, ಗ್ಲೋ ಎಂಜಿನ್ನಿನದು. ಮೆಥನಾಲ್ ಜೊತೆ ಹರಳೆಣ್ಣೆ ಬೆರೆಸಿದ ಇಂಧನ ಅದಕ್ಕೆ. ಎಂಜಿನ್ ಶುರುವಾದರೆ ಮೈದಾನದ ತುಂಬ ಹರಳೆಣ್ಣೆ ವಾಸನೆ. ನನಗಂತೂ ದೀಪಾವಳಿಯಲ್ಲಿ ಅಜ್ಜಿ ತಲೆಗೆ ತಟ್ಟಿ ತಟ್ಟಿ ಎಣ್ಣೆ ಹಚ್ಚುತ್ತಿದ್ದದ್ದೇ ನೆನಪಾಗೋದು. ಅದನ್ನು ಅವರು ಯಾರ ಕೈಗೂ ಕೊಟ್ಟವರಲ್ಲ. ನಾವು ಕೇಳಿದವರೂ ಅಲ್ಲ.

ಅವತ್ತು ಮೂರನೇ ಸುತ್ತಿನಲ್ಲಿ, ವಿಮಾನ ಮೈದಾನದ ಆಚೆ ತುದಿಯಲ್ಲಿದ್ದಾಗ, ಅವರು ಗಟ್ಟಿಯಾಗಿ ಕೂಗಿದರು. "ನನಗೆ ಕಾಣ್ತಿಲ್ಲ! ಯಾರಾದ್ರೂ ತಗೊಳ್ಳಿ!"

ಒಂದು ಕ್ಷಣ ಯಾರೂ ಅಲ್ಲಾಡಲಿಲ್ಲ. ನಲವತ್ತು ವರ್ಷ ಹಾರಿಸಿದವರು ಹೀಗೆ ಕೂಗಬಹುದು ಅಂತ ನಮಗೆ ಯಾರಿಗೂ ಹೊಳೆದಿರಲೇ ಇಲ್ಲ. ಪಕ್ಕದಲ್ಲಿ ಕಾವಲು ನಿಂತಿದ್ದವನು ನಾನು. ಅವರು ಮುಖ ನನ್ನ ಕಡೆ ತಿರುಗಿಸದೆ ಟ್ರಾನ್ಸ್‌ಮಿಟರನ್ನು ನನ್ನ ಎದೆಗೆ ಒತ್ತಿದರು. ಹೆಬ್ಬೆರಳು ಸ್ಟಿಕ್ಕಿನ ಮೇಲೆ ಬರುವ ತನಕ ಅವರ ಬೆರಳೂ ಅಲ್ಲೇ ಇತ್ತು, ಆಮೇಲೆ ತೆಗೆದರು. ನನಗೆ ಗ್ಲೋ ಎಂಜಿನ್ ಹಾರಿಸಿ ಅಭ್ಯಾಸವಿಲ್ಲ. ಬ್ಯಾಟರಿ ವಿಮಾನದ ಹಾಗೆ ಥ್ರಾಟಲ್ ಎಳೆದ ತಕ್ಷಣ ಪ್ರೊಪೆಲ್ಲರ್ ನಿಲ್ಲೋದಿಲ್ಲ, ತಗ್ಗಿ ಗುಡುಗುಡು ಅನ್ನುತ್ತಲೇ ಎಳೆಯುತ್ತಿರುತ್ತೆ. ಅವರು ಪಕ್ಕದಲ್ಲಿ ನಿಂತು ಕಿವಿಯಿಂದಲೇ ಹೇಳುತ್ತಿದ್ದರು. "ಎಂಜಿನ್ ತಗ್ಗಿದೆ, ಸರಿ. ಇನ್ನೊಂದು ಸುತ್ತು ಹೋಗು, ಅವಸರ ಬೇಡ. ಈಗ ಬಾ. ಮೂಗು ಎತ್ತಬೇಡ, ಎತ್ತಬೇಡ. ಈಗ."

ನೆಲ ಮುಟ್ಟಿತು. ಒಮ್ಮೆ ಪುಟಿಯಿತು. ಮುಂದಿನ ಚಕ್ರ ಮುರಿದು, ಮೂಗಿನ ಮೇಲೆ ಜಾರಿ ನಿಂತಿತು. ಯಾರೂ ನಗಲಿಲ್ಲ.

ನಾನು ಹೋಗಿ ವಿಮಾನ ಎತ್ತಿಕೊಂಡು ಬಂದು "ಸಾರಿ ಸಾರ್, ಚಕ್ರ ಹೋಯ್ತು" ಅಂದೆ. ಅವರು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸುತ್ತಿದ್ದರು. ಟೋಪಿ ಮುಟ್ಟಿ ತೋರಿಸಿದರು. "ಕ್ಲಿಪ್ಪು ಇನ್ನೂ ಇಲ್ಲೇ ಇದೆ ನೋಡು. ಚಕ್ರ ನನ್ನ ಲೆಕ್ಕ. ಇಳಿಸಿದ್ದು ಬೇಕಾದ್ರೆ ನೀನಿಟ್ಕೋ."

ಎರಡು ಕಣ್ಣಿಗೂ ಪೊರೆ ಬಂದಿತ್ತಂತೆ. ಎಷ್ಟು ತಿಂಗಳಿಂದ ಮಬ್ಬಾಗಿತ್ತೋ, ಮನೆಯಲ್ಲಿ ಹೇಳಿರಲಿಲ್ಲ. ಅವತ್ತು ಮೈದಾನದಲ್ಲಿ ಕೂಗಿದ ಮೇಲೇ ಮನೆಯಲ್ಲೂ ಹೇಳಿದ್ದು. ಡಿಸೆಂಬರಿನಲ್ಲಿ ಒಂದು ಕಣ್ಣಿನ ಆಪರೇಷನ್ ಆಯಿತು, ಜನವರಿಯಲ್ಲಿ ಇನ್ನೊಂದು. ಕೊಪ್ಪಳದ ಹುಡುಗ ಅಷ್ಟರಲ್ಲಿ ಹೊಸ ಚಕ್ರದ ಕಂಬಿ ಬಗ್ಗಿಸಿ ಕೂರಿಸಿದ್ದ. ಮೊನ್ನೆ ಭಾನುವಾರ ಅವರು ಮತ್ತೆ ಬಂದರು. ವಿಮಾನವನ್ನು ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿ ಹೇಳಿದ ಮೊದಲ ಮಾತು, "ಅಯ್ಯೋ, ಇದರ ಬಣ್ಣ ಇಷ್ಟು ಕೆಟ್ಟದಾಗಿದೆಯೇನ್ರೋ! ಯಾರೂ ಹೇಳಲೇ ಇಲ್ವಲ್ಲ!"

ಈ ಹುಚ್ಚು ಹಿಡಿಸಿಕೊಳ್ಳುವ ಯೋಚನೆ ನಿಮಗೇನಾದರೂ ಇದ್ದರೆ ಎರಡೇ ಮಾತು. ದೊಡ್ಡ ವಿಮಾನ ಕೊಳ್ಳಬೇಡಿ, ರೆಕ್ಕೆ ಮೇಲಿರುವ ಚಿಕ್ಕ ಫೋಮಿನ ಟ್ರೈನರ್ ಸಾಕು. ಒಬ್ಬರೇ ಕಲಿಯೋಕೆ ಹೋಗಬೇಡಿ, ಹತ್ತಿರದಲ್ಲಿ ಯಾರು ಹಾರಿಸುತ್ತಾರೋ ಹುಡುಕಿ, ಮೊದಲ ದಿನ ಸುಮ್ಮನೆ ಕಾವಲು ನಿಲ್ಲಿ. ಅಮ್ಮನಿಗೆ ಏನು ಹೇಳೋದು ಅನ್ನೋದಕ್ಕೆ ಮಾತ್ರ ನನ್ನ ಹತ್ತಿರ ಇನ್ನೂ ಉತ್ತರವಿಲ್ಲ. ಮುಂದಿನ ಭಾನುವಾರ ತಿಪಟೂರಿನಿಂದ ಬರುತ್ತಿದ್ದಾರೆ, ಮೈದಾನಕ್ಕೇ ಕರೆದುಕೊಂಡು ಹೋಗೋಣ ಅಂತಿದ್ದೇನೆ. ಏನಾಯಿತು ಅಂತ ಆಮೇಲೆ ಬರೆಯುತ್ತೇನೆ.